ಗೇಟಿನ ನಾಗದಾಳಿ

ಆಗಸ್ಟ್ 1
ಮರಗೆಣಸಿನ ಗಂಜಿ ಕಾಯಿಸಿ ಲೇಸಿಗೆ ಹಾಕಿದ್ದಾಯ್ತು. ಮತ್ತದೇ ಸೀಬೆ ಹೂವಿನ ವಿನ್ಯಾಸ. ಮೂವತ್ತು ವರ್ಷದಿಂದ ಅದೇ. ನಮ್ಮೂರು ಇತಾಗ್ವಾದ ಅರ್ಧ ಹೆಂಗಸರು ಹೆಣೆಯೋದೂ ಅದೇ.

ಇವತ್ತು ಬರಿಹೊಟ್ಟೇಲಿ ನಾಗದಾಳಿ ಸೊಪ್ಪು ನೆನೆಸಿದ ಸಾರಾಯಿ ಮೂರು ಗುಟುಕು ಕುಡೀಬೇಕು, ಆಗಸ್ಟ್ ತಿಂಗಳು ಯಾರನ್ನೂ ಎಳ್ಕೊಂಡು ಹೋಗದಿರ್ಲಿ ಅಂತ. ಇಡೀ ಬೀದಿಗೆ ಸೊಪ್ಪು ಎಲ್ಲಿಂದ? ಪಕ್ಕದ ಮನೆ ದೆಯೊಲಿಂದಾ ಗೇಟಿನ ಗಿಡದಿಂದ. ನಾನೂ ಸಾಲಲ್ಲಿ ನಿಂತೆ. ಏನ್ಮಾಡ್ಲಿ, ನಾನು ನೆಟ್ಟದ್ದೆಲ್ಲ ಸಾಯುತ್ತೆ. ಅವಳು ಒಣಕಡ್ಡಿ ಚುಚ್ಚಿದ್ರೂ ಚಿಗುರುತ್ತೆ. ಮಲ್ಲಿಗೆ ಚಪ್ಪರ ಅವಳದು, ಬೇಲಿ ತುಂಬ ಪ್ಯಾಷನ್ ಹೂವು ಅವಳದು. ನಂಗೆ ಕೆಂಪು ಮಣ್ಣು, ಎರಡು ಕೋಳಿ.

ಆಗಸ್ಟ್ 9
ಚರ್ಚ್ ಕಮಿಟಿಯ ಹಿರಿಯಮ್ಮ ನ್ಯಾ ಫಾಕುಂದಾ ಬಂದಿದ್ರು. ಡಿಸೆಂಬರ್ ಎಂಟು, ಮಾತೆಯ ಹಬ್ಬ. ಪೀಠಕ್ಕೆ ಹೊಸ ಲೇಸು ಬೇಕು. ಈ ಸಲ ಹೊಸ ಹೂವೇ ಇರ್ಬೇಕಂತೆ, ಯಾರೂ ಹೆಣೆಯದ್ದು. ಆಗ್ದಿದ್ರೆ ಹೇಳಿಬಿಡಿ, ಕೆಳಬೀದಿ ಸುನಿಲ್ದಾಗೆ ಕೊಡ್ತೀವಿ ಅಂದ್ರು. ಸುನಿಲ್ದಾ! ನನ್ನ ಹತ್ರ ಸೂಜಿ ಹಿಡಿಯೋದು ಕಲಿತವಳು. ನಮ್ಮಮ್ಮನ ಕಾಲದಿಂದ ಪೀಠದ ಬಟ್ಟೆ ನಮ್ಮನೇದು.

ಆಗ್ತದೆ ಅಂದುಬಿಟ್ಟೆ.

ಆಗಸ್ಟ್ 20
ಬೇಲಿ ಸಂದಿಯಿಂದ ಅವಳ ತೋಟ ನೋಡ್ತಾ ಕೂತೆ. ಪ್ಯಾಷನ್ ಹೂವು ಸುನಿಲ್ದಾ ಆಗ್ಲೇ ಹೆಣೆದಿದಾಳೆ. ಮಲ್ಲಿಗೆ ಎಲ್ಲರೂ. ಎಷ್ಟು ನೋಡಿದ್ರೂ ಕೈ ಓಡ್ಲಿಲ್ಲ, ಹೊಟ್ಟೆ ಉರೀತು ಅಷ್ಟೇ. ದೆಯೊಲಿಂದಾ ಕಂಡು ತಣ್ಣನೆ ತೆರೆರೆ ಚಹಾ ಕುಡಿಯೋಕೆ ಕರೆದ್ಲು. ಒಂದೇ ಲೋಟ, ಒಂದೇ ಕೊಳವೆ, ನಗ್ತಾ ನಗ್ತಾ ಕುಡಿದು ಬಂದೆ.

ಆಗಸ್ಟ್ 22
ಅವಳ ಗೇಟಿನ ನಾಗದಾಳಿ ಹಳದಿಗೆ ತಿರುಗಿದೆ. ಅಯ್ಯೋ. ಹೊಟ್ಟೆಕಿಚ್ಚಿನವರು ಗೇಟ್ ದಾಟಿದ್ರೆ ಆ ಕಣ್ಣನ್ನ ತಾನು ತಗೊಂಡು ಒಣಗೋ ಗಿಡ ಅದು. ಹಾಲು ಕುಡಿಯೋ ಮಕ್ಕಳಿಗೂ ಗೊತ್ತು.

"ಯಾರದೋ ಕಣ್ಣು ಬಿದ್ದಿದೆ ಕಣೆ ಹಸಿಂತಾ," ಅಂದ್ಲು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. "ಮೊನ್ನೆ ಬಂದವಳು ನಾನೊಬ್ಳೇನಾ?" ಅಂದುಬಿಟ್ಟೆ.

ಆಗಸ್ಟ್ 25, ಬೆಳಿಗ್ಗೆ 5
ಅವಳು ಏಳೋಕೆ ಮುಂಚೆ ಹೋಗಿ ಒಂದು ಬಕೆಟ್ ನೀರು ಹಾಕಿ ಬಂದೆ. ಹಸಿರಾದ್ರೆ ಸಾಕು, ನನ್ನ ಮಾನ ಉಳಿಯುತ್ತೆ.

ಅಕ್ಟೋಬರ್ 2
ದಿನಾ ಹಾಕ್ತಿದೀನಿ. ಸಾಯ್ತಾನೇ ಇದೆ. ಕೆಳಗಿನ ಎಲೆ ಪೂರ್ತಿ ಉದುರಿದೆ. ತುದೀಲಿ ಮಾತ್ರ ಹೂ ಬಿಟ್ಟಿದೆ, ಹಟಕ್ಕೆ ಬಿದ್ದ ಹಾಗೆ.

ಇವತ್ತು ಮಂಡಿಯೂರಿ ನೀರು ಹಾಕ್ತಾ ಆ ಹೂವು ನೋಡ್ದೆ. ನಾಲ್ಕೇ ಎಸಳು. ಪುಟ್ಟ ಚಮಚದ ಹಾಗೆ ಬಾಗಿದ್ದು, ಅಂಚಿಗೆಲ್ಲ ಸಣ್ಣ ಗೊಂಡೆ. ನಡುವೆ ಹಸಿರು ಗುಂಡಿ. ಪ್ರತಿ ವರ್ಷ ಕುಡಿಯೋ ಗಿಡ, ಅದರ ಹೂವನ್ನ ಒಂದು ದಿನ ನೋಡಿದವಳಲ್ಲ ನಾನು. ಬಕೆಟ್ ಅಲ್ಲೇ ಬಿಟ್ಟು ಓಡಿ ಬಂದು ಚೌಕಟ್ಟಿಗೆ ಬಟ್ಟೆ ಬಿಗಿದೆ. ಮಧ್ಯಾಹ್ನದೊಳಗೆ ಒಂದು ಹೂವು ಆಯ್ತು. ಹೊಟ್ಟೆ ಇನ್ನೂ ಉರೀತಾನೇ ಇದೆ. ಕೈ ಮಾತ್ರ ಓಡ್ತು.

ಅಕ್ಟೋಬರ್ 3
ದೆಯೊಲಿಂದಾ ಗಿಡ ಕಿತ್ತಳು. ಬೇರು ಕಪ್ಪು. ಮೂಸಿ ನೋಡಿ, "ಇದು ಕಣ್ಣಿಗೆ ಸತ್ತಿದ್ದಲ್ಲ, ನೀರಿಗೆ ಕೊಳೆತಿದ್ದು" ಅಂದ್ಲು. ಆಮೇಲೆ ಬಕೆಟ್ ಎತ್ತಿ ನನ್ನ ಕೈಗೆ ಕೊಟ್ಲು. ಕೆಂಪು ಹಿಡಿ. ನಮ್ಮದೇ.

ಡಿಸೆಂಬರ್ 8
ಅವತ್ತಿಂದ ಮಾತಿಲ್ಲ. ಇವತ್ತು ಲೇಸು ಪೀಠದ ಮೇಲೆ ಹಾಸಿದ್ರು. ಸುನಿಲ್ದಾನೂ ಬಗ್ಗಿ ಬಗ್ಗಿ ನೋಡಿದ್ಲು. ಹೊಸ ಹೂವಿಗೆ ಹೆಸರು ಬೇಕಲ್ಲ, ಚರ್ಚ್ ಪುಸ್ತಕದಲ್ಲಿ ಬರೀಬೇಕು ಅಂದ್ರು ನ್ಯಾ ಫಾಕುಂದಾ. ಕಿತ್ತಳೆ ಹೂವು ಅಂದೆ.

ಹಿಂದಿನಿಂದ ದೆಯೊಲಿಂದಾ. "ಮಾತೆ ಮುಂದೆ ಸುಳ್ಳು ಹೇಳ್ಬೇಡ್ವೆ. ಅದು ನನ್ನ ಗೇಟಿನ ನಾಗದಾಳಿ ಹೂವು."

ಹಾಗೇ ಬರೆದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ವಾಪಸ್ ಬರ್ತಾ ತನ್ನ ಹಿತ್ತಲಿಗೆ ಕರ್ಕೊಂಡು ಹೋದ್ಲು. ಅಲ್ಲಿ ಇನ್ನೊಂದು ನಾಗದಾಳಿ, ಸೊಂಪಾಗಿ. ಇರ್ದೇ ಇರುತ್ತಾ.

"ಕೊಟ್ಟ ಗಿಡ ಹಿಡಿಯಲ್ಲ, ಕದ್ದಿದ್ದೇ ಹಿಡಿಯೋದು. ನಾನು ಆ ಕಡೆ ತಿರುಗಿ ನಿಂತ್ಕೋತೀನಿ. ಮುರ್ಕೋ. ನೀರು ಮಾತ್ರ ಹಾಕ್ಬೇಡ."

ಮುರ್ಕೊಂಡೆ. ಅಳು ಬಂತು. ಕೋಪಾನೂ ಬಂತು. ಒಳ್ಳೆಯವಳಾಗೋದ್ರಲ್ಲೂ ಅವಳೇ ಮುಂದು.

ಜನವರಿ 29
ಕಡ್ಡಿ ಹಿಡೀತು. ನನ್ನ ಗೇಟಲ್ಲಿ, ನನ್ನ ಕೆಂಪು ಮಣ್ಣಲ್ಲಿ.

ಸಂಜೆ ದೆಯೊಲಿಂದಾ ಬಂದಿದ್ಲು. ನಂಗೂ ಕಲಿಸೇ ಅಂದ್ಲು. ಅರ್ಧ ಗಂಟೆ ಸೂಜಿ ಹಿಡಿದ್ಲು. ನೂಲೆಲ್ಲ ಗೋಜಲು, ಬೆರಳಲ್ಲಿ ರಕ್ತ. ಆಮೇಲೆ ನನ್ನ ಹೂವಿನ ಮೇಲೆ ಬೆರಳಾಡಿಸ್ತಾ ತುಂಬ ಹೊತ್ತು ಕೂತಿದ್ಲು. "ನಂದು ಮೂರು ದಿನಕ್ಕೆ ಬಾಡುತ್ತೆ. ನಿಂದು ಹಾಗೇ ಇರುತ್ತೆ," ಅಂದ್ಲು. ತೆರೆರೆ ಮುಗಿಸದೇ ಎದ್ದು ಹೋದ್ಲು.

ಜನವರಿ 31, ಬೆಳಿಗ್ಗೆ
ಗೇಟಿನ ನಾಗದಾಳೀಲಿ ಒಂದು ಎಲೆ ಹಳದಿ. ಒಂದು ತೊಟ್ಟು ನೀರು ಹಾಕಿಲ್ಲ ನಾನು, ಮಾತೆಯಾಣೆ. ಬೇರೆ ಯಾರೂ ಗೇಟ್ ದಾಟಿಲ್ಲ. ಹಾಗಾದ್ರೆ ದೆಯೊಲಿಂದಾಗೂ…