ಪೆಂಗ್ವಿನ್ ಊರಿಗೆ ಅಮ್ಮನ ಸ್ವೆಟರ್

ಡಿಸೆಂಬರ್ 29, ಪಾಸಿರ್ ರಿಸ್, ಸಿಂಗಪುರ

ಮತ್ತೆ ಪ್ಯಾಕಿಂಗ್, ಮತ್ತೆ ಜಗಳ. ಇವರು ಅಮ್ಮನ ಸ್ವೆಟರನ್ನು ಸೂಟ್‌ಕೇಸಿನಿಂದ ತೆಗೆದು ಸೋಫಾ ಮೇಲೆ ಎಸೆದರು.

"ಭಾಗೀ, ಹೋಗ್ತಿರೋದು ಅಂಟಾರ್ಕ್ಟಿಕಾಗೆ ಕಣೇ, ಚಾಮುಂಡಿ ಬೆಟ್ಟಕ್ಕಲ್ಲ. ಶಿಪ್‌ನವರೇ ಜಾಕೆಟ್ ಕೊಡ್ತಾರೆ."

"ಜಾಕೆಟ್ ಮೇಲಿರಲಿ. ಒಳಗೆ ಇದೇ."

ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಹೊರಟಾಗ ಅಮ್ಮ ಹೆಣೆದು ಕೊಟ್ಟದ್ದು. ಪಾಪ, ಫಾರಿನ್ ಎಂದರೆ ಚಳಿ ಎಂದುಕೊಂಡಿದ್ದಳು. ಸಿಂಗಪುರದ ಸೆಕೆಗೆ ಉಲ್ಲನ್! ಹಾಕಿಕೊಳ್ಳಲು ಇದ್ದದ್ದು ಒಂದೇ ಜಾಗ — ಬರ್ಡ್ ಪಾರ್ಕಿನ ಪೆಂಗ್ವಿನ್ ಮನೆ. ಏಸಿ ಜೋರು. ಅಮ್ಮ ಇಲ್ಲಿಗೆ ಬಂದಾಗ ಅವಳನ್ನೂ ಕರೆದೊಯ್ದಿದ್ದೆವು. ಮೂಗಿಗೆ ಸೆರಗು ಹಿಡಿದು, "ಥೂ, ಏನ್ ಮೀನಿನ ವಾಸನೆಯೇ!" ಎಂದಳು. ಆದರೂ ಕದಲಲಿಲ್ಲ. ಆಮೇಲೆ, "ಇವುಗಳ ಊರಿಗೆ ಒಂದ್ಸಲ ಹೋಗಿ ಬಾ. ಇದನ್ನೇ ಹಾಕ್ಕೊಂಡು ಹೋಗು. ನಾನೂ ಬಂದ ಹಾಗಾಗತ್ತೆ."

ಈಗ ಅವಳಿಲ್ಲ. ಸ್ವೆಟರ್ ಬಂದೇ ಬರುತ್ತದೆ.

ಜನವರಿ 2, ಬೆಳಿಗ್ಗೆ

ಪಕ್ಕದ ಬ್ಲಾಕಿನ ಜಲಜಾ ನಮ್ಮ ಬ್ಲಾಕಿನ ಕೆಳಗಿನ ಖಾಲಿ ಅಂಗಳ, ವಾಯ್ಡ್ ಡೆಕ್‌ವರೆಗೂ ಬಂದು ತಲೆಗೆ ಅಕ್ಷತೆ ಹಾಕಿದಳು. ಇವರ ಕಡೆ ತಿರುಗಿ, "ಅನಂತರಾಮ್, ಹುಷಾರಾಗಿ ಕರ್ಕೊಂಡ್ ಬನ್ನಿ ಇವಳನ್ನ." ಸ್ವೆಟರ್ ಹೆಗಲ ಮೇಲೆ. ಟ್ಯಾಕ್ಸಿ ಬಂತು...

ಜನವರಿ 8, ಹಡಗು

ಅರ್ಧ ಲೋಕ ವಿಮಾನದಲ್ಲಿ ದಾಟಿ ಹಡಗು ಹತ್ತಿದ ಮೇಲೆ ಬರೆಯಲಾಗಲಿಲ್ಲ. ವಾಂತಿ. ಇವತ್ತು ಸಮುದ್ರ ಶಾಂತ. ಆಲ್ಬಟ್ರಾಸ್ ಹಕ್ಕಿಯೊಂದು ರೆಕ್ಕೆ ಬಡಿಯದೆಯೇ ಹಡಗಿನ ಹಿಂದೆ ಬರುತ್ತಿತ್ತು. ದೂರದಲ್ಲಿ ತಿಮಿಂಗಿಲ ನೀರು ಚಿಮ್ಮಿಸಿತು. ಇವರು ಬೈನಾಕ್ಯುಲರ್ ಕೊಡಲೇ ಇಲ್ಲ!

ಮಧ್ಯಾಹ್ನ ಬಟ್ಟೆ ತಪಾಸಣೆ. ಹೊರಗಿನ ಒಂದು ಬೀಜವೂ ಅಲ್ಲಿನ ನೆಲಕ್ಕೆ ಬೀಳಬಾರದಂತೆ. ವ್ಯಾಕ್ಯೂಮ್ ಹಿಡಿದು ನೋಡುತ್ತಾರೆ. ನನ್ನ ಸ್ವೆಟರಿನಿಂದ ಜಲಜಾಳ ಹಳದಿ ಅಕ್ಕಿ ಉದುರಿತು. ಮಾನ ಹೋಯಿತು.

"ರೈಸ್?" ಎಂದಳು ತಪಾಸಣೆಯ ಹುಡುಗಿ.

"ಬ್ಲೆಸಿಂಗ್" ಎಂದೆ. ಇವರು ಆಚೆ ತಿರುಗಿ ನಕ್ಕರು.

ಅಷ್ಟಕ್ಕೇ ಬಿಡಲಿಲ್ಲ ಹುಡುಗಿ. ಜೇಬಿನ ಮೂಲೆಯಲ್ಲಿ ಏನೋ ಗಟ್ಟಿಯಾಗಿದೆ, ತೆಗೆಯದಿದ್ದರೆ ಸ್ವೆಟರ್ ದಡಕ್ಕೆ ಇಳಿಯುವಂತಿಲ್ಲ ಎಂದಳು. ಹೊಲಿಗೆ ಬಿಚ್ಚಿದೆವು. ಚೂರು ಬಟ್ಟೆಯ ಗಂಟು. ಒಳಗೆ ನಾಲ್ಕು ಕಾಳು ಅಕ್ಕಿ. ಅರಿಶಿನ ಪೂರ್ತಿ ಮಾಸಿದೆ. ಅಮ್ಮನ ಹೊಲಿಗೆ! ನನ್ನನ್ನು ಕಳಿಸುವಾಗ ಹೇಳದೆ ಇಟ್ಟಿದ್ದಾಳೆ. ಇಷ್ಟು ವರ್ಷ ಗೊತ್ತೇ ಆಗಲಿಲ್ಲ.

ಹುಡುಗಿ ಕಸದ ಡಬ್ಬಿ ಮುಂದೆ ಹಿಡಿದಳು. ಅಮ್ಮನ ಅಕ್ಷತೆ ಕಸಕ್ಕೆ? ಕೈ ಬರಲಿಲ್ಲ. ಬಾಯಿಗೆ ಹಾಕಿಕೊಂಡೆ. ಅಗಿದು ನುಂಗಿಬಿಟ್ಟೆ. ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಇವರು ನಗು ನಿಲ್ಲಿಸಿ ನೀರಿನ ಬಾಟಲ್ ಕೊಟ್ಟರು.

ಜನವರಿ 9

ಇಳಿದೆ. ಕಣ್ಣು ಹಾಯುವಷ್ಟೂ ಪೆಂಗ್ವಿನ್. ಒಂದು ಕಲ್ಲು ಕಚ್ಚಿಕೊಂಡು ಗೂಡಿಗೆ ಹೊರಟಿತ್ತು, ಇನ್ನೊಂದು ಅದನ್ನು ಕಸಿಯಿತು. ಕಳ್ಳಮುಂಡೇದು! ಅದೇ ವಾಸನೆ... ಸೆರಗಿಗಾಗಿ ಕೈ ಹೋಯಿತು. ಸೆರಗೆಲ್ಲಿದೆ? ಜಾಕೆಟ್ ಜಿಪ್ ಬಿಚ್ಚಿ ಸ್ವೆಟರ್ ಕಾಣುವಂತೆ ನಿಂತೆ. ಇವರು ಬೈಯಲಿಲ್ಲ. ಫೋಟೊ ತೆಗೆದರು. ಅಳು ತಡೆಯಲಾಗಲಿಲ್ಲ.

ಜನವರಿ 24, ಪಾಸಿರ್ ರಿಸ್

ಸೆಕೆ. ಸ್ವೆಟರಿಗೆ ಇನ್ನೂ ಪೆಂಗ್ವಿನ್ ವಾಸನೆ. ಇವರು ಬಕೆಟ್ ತಂದಿಟ್ಟಿದ್ದಾರೆ. ಒಗೆಯಲು ಮನಸ್ಸಿಲ್ಲ.

ಮಗಳು ಧೃತಿಯ ಫೋನ್. "ಅಮ್ಮಾ, ಮಾರ್ಚ್‌ನಲ್ಲಿ ಜಪಾನ್‌ಗೆ ಶಿಫ್ಟ್ ಆಗ್ತಿದೀನಿ. ಅಲ್ಲಿ ಚಳಿ ಕಣಮ್ಮಾ. ಅಜ್ಜಿ ಸ್ವೆಟರ್ ಕೊಡ್ತೀಯಾ?"

ಕೊಡುತ್ತೇನೆ. ಜೇಬಿನ ಮೂಲೆ ಹೊಲಿಯಬೇಕು. ಅದಕ್ಕೆ ಮೊದಲು ದೇವರ ಮುಂದಿನ ಬಟ್ಟಲಿನಿಂದ ನಾಲ್ಕು ಕಾಳು... ಅವಳಿಗೆ ಹೇಳುವುದಿಲ್ಲ. ಸೂಜಿ ಎಲ್ಲಿಟ್ಟೆನೋ —