ಬೊಂಬೆಯ ಕೈ

ಲೋವರ್ ಹಟ್, ನ್ಯೂಜಿಲೆಂಡ್
ಭಾನುವಾರ

ಅತ್ತೆಯವರಿಗೆ ತೇಜಸ್ವಿನಿಯ ನಮಸ್ಕಾರಗಳು.

ಈ ಇಮೇಲನ್ನು ಮುರಳಿ ನಿಮಗೆ ಒಂದು ಸಾಲೂ ಬಿಡದೆ ಓದಿ ಹೇಳಲಿ. ನಿನ್ನೆ ಅವನೇ ಫೋನಿನಲ್ಲಿ, “ಸಮುದ್ರದಲ್ಲಿ ಅಣ್ಣನ ದೇಹ ಸಿಗ್ಲೇ ಇಲ್ವಲ್ಲ ಅತ್ತಿಗೆ, ಅಮಾವಾಸ್ಯೆಗೆ ದರ್ಭೆ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸ್ಬಿಡ್ತೀವಿ” ಎಂದ. ನಾನು ಫೋನ್ ಇಟ್ಟುಬಿಟ್ಟೆ. ಮುಗಿಸಲು ನೀವು ಯಾರು ಎಂದು ಬಾಯಿಗೆ ಬಂದಿತ್ತು.

ಪಕ್ಕದಲ್ಲಿ ಹಂಸಾ ಶಾಲೆಗೆಂದು ಈಜಿಪ್ಟಿನ ದೇವತೆ ಐಸಿಸ್‌ಳ ಚಿತ್ರ ಬರೆಯುತ್ತಿದ್ದಳು. ವೈರಿ ಕೊಂದು ತುಂಡರಿಸಿ ಎಸೆದಿದ್ದ ಗಂಡನ ದೇಹವನ್ನು ಆಕೆ ಹುಡುಕಿ ಹುಡುಕಿ ಜೋಡಿಸಿದಳಂತೆ. ಒಂದು ಭಾಗ ಮಾತ್ರ ಸಿಗಲಿಲ್ಲವಂತೆ. “ಸೋ ಶಿ ಮೇಡ್ ಇಟ್ ಹರ್‌ಸೆಲ್ಫ್, ಅಮ್ಮಾ” ಎಂದಳು ನಿಮ್ಮ ಮೊಮ್ಮಗಳು, ತಲೆ ಎತ್ತದೆ. ಸಿಗದ್ದನ್ನು ಆಕೆಯೇ ಕೈಯಾರೆ ಮಾಡಿದಳು.

ಆದ್ದರಿಂದ ಅಲ್ಲಿ ಬೊಂಬೆ ಕಟ್ಟಬೇಡಿ. ಹೆಂಗಸರು ಮಾಡಬಾರದೆಂದು ಪುರೋಹಿತರು ಹೇಳಿದರೂ ನಾನೇ ಕಟ್ಟುತ್ತೇನೆ. ದರ್ಭೆ ಕಳಿಸಬೇಡಿ, ಹೊರದೇಶದ ಹುಲ್ಲನ್ನು ಇಲ್ಲಿ ಒಳಗೆ ಬಿಡುವುದಿಲ್ಲ. ನಮ್ಮ ಬೇಲಿಯಲ್ಲಿ ಫ್ಲ್ಯಾಕ್ಸ್ ಎಂಬ ಇಲ್ಲಿನ ನಾರಿನ ಗಿಡ ಬೆಳೆದಿದೆ. ಅದರ ಉದ್ದನೆಯ ಎಲೆಗಳನ್ನು ಸೀಳಿ ತಲೆ, ಎದೆ, ಕಾಲು ಕಟ್ಟಿಯಾಗಿದೆ.

ಕೈಗಳಿಗೆ ಬಂದು ನಿಂತುಬಿಟ್ಟಿದ್ದೇನೆ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಕೇದಾರ್ ಮುರಿದುಕೊಂಡಿದ್ದ ಕೈ ಸ್ವಲ್ಪ ಸೊಟ್ಟಗಿತ್ತಲ್ಲ, ಅದು ಎಡಗೈಯೋ ಬಲಗೈಯೋ? ಫೋಟೋಗಳಲ್ಲೆಲ್ಲ ತುಂಬುತೋಳಿನ ಅಂಗಿ. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ನನಗೆ ನೆನಪಾಗುತ್ತಿಲ್ಲ.

ಆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು ನೀವು. ನೀವು ಹೇಳದೆ ನಾನು ಕಟ್ಟಲಾರೆ ಅತ್ತೆ.

ನಿಮ್ಮ ಸೊಸೆ,
ತೇಜಸ್ವಿನಿ