ಅರ್ಧ ಟಿಕೆಟ್

ಗುರುವಾರ, ನವೆಂಬರ್ ೧೭
ಕಚೇರಿಯಿಂದ

ಅಕ್ಕಾ,

ನಿನಗೆ ನನ್ನ ನಮಸ್ಕಾರ. ಏಳು ವರ್ಷದ ಮೇಲೆ ಬರೆಯುತ್ತಿರುವ ಕಾಗದಕ್ಕೆ ‘ಪ್ರೀತಿಯ’ ಅಂತ ಸೇರಿಸಲು ಕೈ ಬರಲಿಲ್ಲ. ಪ್ರೀತಿ ಇಲ್ಲವೆಂದಲ್ಲ, ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ಎಂಬ ಅನುಮಾನ. ಓದದೆ ಹರಿದು ಹಾಕಬೇಡ. ಹರಿಯಲೇಬೇಕಿದ್ದರೆ ಓದಿದ ಮೇಲೆ ಹರಿ. ಭಾವ ಮಧ್ಯೆ ಬಾಯಿ ಹಾಕಿದರೆ ಅವರ ಕೈಗೆ ಪೇಪರ್ ಕೊಟ್ಟು ಕೂರಿಸು.

ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಮಾತ್ರ ಅಂತ ಹೊಳೆಗೆ ಹೊಸ ಸೇತುವೆ ಕಟ್ಟಿ ವರ್ಷವಾಯಿತಲ್ಲ, ಅದರಿಂದ ಎರಡೂ ದಡದ ಜನಕ್ಕೆ ಏನು ಒಳ್ಳೆಯದಾಯಿತು, ಏನು ಕೆಟ್ಟದಾಯಿತು ಎಂದು ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಗು ಬರುತ್ತದಾ? ಬರಲಿ. ಅಮ್ಮ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನದಲ್ಲಿ ನಾನು ಬಂದದ್ದು ಕೊನೆಯ ದಿನ, ಅದೂ ಅವಳಿಗೆ ಯಾರ ಗುರುತೂ ಸಿಗದಿದ್ದಾಗ. ಎರಡು ಬಸ್ಸು ಹತ್ತೋಕೂ ಆಗ್ಲಿಲ್ವೇನೇ ನಿನಗೆ ಅಂತ ವರಾಂಡದಲ್ಲಿ ನೀನು ಕೇಳಿದೆ. ಸೇತುವೆ ಇದ್ದಿದ್ರೆ ದಿನಾ ಬರ್ತಿದ್ದೆ ಅಂತ ನಾನು ತಿರುಗಿ ಬಿದ್ದೆ. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತುಹೋಯಿತು.

ಈಗ ಸೇತುವೆ ಇದೆ. ನನ್ನ ಮನೆಯಿಂದ ನಿನ್ನ ಹೊಲಿಗೆ ಅಂಗಡಿಗೆ ಹದಿನಾಲ್ಕು ನಿಮಿಷ. ನಿನ್ನ ಬೀದಿಯ ತಿರುವಿನ ತನಕ ಬಂದು, ಗಡಿಯಾರ ನೋಡಿಕೊಂಡು, ಉಳಿದದ್ದನ್ನು ಅಂದಾಜು ಮಾಡಿ ವಾಪಸ್ ಹೋಗಿದ್ದೇನೆ.

ವರದಿಯಲ್ಲಿ ಹೇಳಿಕೊಳ್ಳುವಂಥದ್ದು ಬೇಕಾದಷ್ಟಿದೆ. ಆಸ್ಪತ್ರೆಯ ದಾದಿಯರು ಮಧ್ಯಾಹ್ನ ಮನೆಗೆ ನಡೆದು ಹೋಗಿ ಊಟ ಮಾಡಿ ಬರುತ್ತಾರೆ. ನಿಮ್ಮ ಕಡೆಯ ಮಕ್ಕಳು ನಮ್ಮ ಕಡೆಯ ಶಾಲೆಗೆ ಸೈಕಲ್ ತುಳಿಯುತ್ತವೆ. ಹಳೇ ಬಸ್ ನಿಲ್ದಾಣದ ಹಣ್ಣಿನವಳು ಮಾತ್ರ ನಮ್ಮನ್ನು ಕಂಡರೆ ಮುಖ ಸಿಂಡರಿಸುತ್ತಾಳೆ. ಬಸ್ಸಿಗೆ ಕಾಯುವವರೇ ಇಲ್ಲದೆ ಅವಳ ವ್ಯಾಪಾರ ನೆಲ ಕಚ್ಚಿದೆ. ಅದನ್ನೂ ಬರೆದಿದ್ದೇನೆ. ಬಂಧುಗಳ ಹೋಗಿಬರುವಿಕೆ ಹೆಚ್ಚಿದೆಯೇ ಎಂಬ ಪ್ರಶ್ನೆ ಸೇರಿಸಿದವಳೂ ನಾನೇ. ನಾನೂರು ಮನೆಯಲ್ಲಿ ಕೇಳಿಸಿದೆ. ನನ್ನನ್ನು ಯಾರೂ ಕೇಳಲಿಲ್ಲ, ಸದ್ಯ.

ಸೇತುವೆಯ ಮೇಲೆ ಜನರನ್ನು ಎಣಿಸಲು ನಿವೃತ್ತ ಬಸ್ ಕಂಡಕ್ಟರೊಬ್ಬರನ್ನು ಇಟ್ಟುಕೊಂಡಿದ್ದೇವೆ. ನಟ್ಟನಡುವೆ ಮಡಿಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಮುಂದೆ ಹೋಗಿ ಮುಂದೆ ಹೋಗಿ ಅಂತ ಸೈಕಲ್ಲಿನವರನ್ನೂ ಗದರುತ್ತಾರೆ. ಅವರ ಪುಸ್ತಕದಲ್ಲಿ ಪ್ರತಿ ಬುಧವಾರ ನಾಲ್ಕು ಗಂಟೆಯ ಸುಮಾರಿಗೆ ‘ಅರ್ಧ, ಒಂದು’ ಅಂತ ಇರುತ್ತಿತ್ತು. ಬಸ್ಸಿನಲ್ಲಿ ಅರ್ಧ ಎಂದರೆ ಮಕ್ಕಳ ಟಿಕೆಟ್ ತಾನೇ? ಹಿಂದೆಮುಂದೆ ನೋಡದೆ ಮಕ್ಕಳ ಲೆಕ್ಕಕ್ಕೆ ಸೇರಿಸಿದೆ. ಮಗುವೊಂದು ವಾರಕ್ಕೊಮ್ಮೆ ಒಂಟಿಯಾಗಿ, ನಿರ್ಭಯವಾಗಿ ಹೊಳೆ ದಾಟುತ್ತದೆ ಎಂದು ಒಂದು ಪುಟ ಕೊರೆದೆ. ಮೇಲಧಿಕಾರಿ ಓದಿ ಭೇಷ್ ಅಂದರು.

ಮೊನ್ನೆ ಸೋಮವಾರ ಆ ಪುಟವನ್ನು ಕಂಡಕ್ಟರಿಗೆ ಓದಿ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗು ಎಲ್ಲಿಂದ ಬಂತು ಮೇಡಂ, ಅರ್ಧ ದಾರಿಲೇ ವಾಪಸ್ ಹೋಗೋರು ಅಂತ ನಾನು ಬರ್ಕೊಂಡಿದ್ದು, ಐವತ್ತು ದಾಟಿರೋ ಹೆಂಗಸು ಅವರು ಅಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇರುತ್ತೆ, ತೆಗೆಯೋಕೆ ಮರೆತು ಬರ್ತಾರೆ ಪಾಪ ಅಂದರು. ನಡುವಿನ ತನಕ ಬಂದು, ಕಂಬಿ ಹಿಡಿದು ನಮ್ಮ ದಡ ನೋಡಿ, ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಹಿಂದಿರುಗುತ್ತಾರಂತೆ. ಯಾಕಮ್ಮಾ, ಪೂರ್ತಿ ದಾಟಬಾರ್ದಾ ಅಂತ ಒಂದು ದಿನ ಇವರೇ ಕೇಳಿದ್ದಾರೆ. ಆ ಕಡೆ ತಂಗಿ ಮನೆ ಇದೆ, ಅವಳು ಒಂದ್ಸಲ ಕರೀಲಿ ಅಂತ ಕಾಯ್ತಿದೀನಿ ಅಂದೆಯಂತೆ.

ಬುಧವಾರ ಮಧ್ಯಾಹ್ನದ ಮೇಲೆ ನಿನ್ನ ಅಂಗಡಿಗೆ ರಜೆ. ಇನ್ನು ಬಿಡಿಸಿ ಹೇಳಲು ಏನಿತ್ತು? ಪುಸ್ತಕ ಮುಂದಿಟ್ಟುಕೊಂಡು ಅತ್ತುಬಿಟ್ಟೆ ಅಕ್ಕಾ. ನೀನು ಇಪ್ಪತ್ತಾರು ಬುಧವಾರ ನನ್ನ ಕಡೆ ಅರ್ಧ ದಾರಿ ಬಂದೆ. ನಾನು ನಿನ್ನನ್ನು ಮಗು ಎಂದು ಬರೆದು ಹೊಗಳಿಸಿಕೊಂಡೆ. ಆ ಪುಟ ತೆಗೆದುಹಾಕಿ ತಪ್ಪು ಒಪ್ಪಿಕೊಂಡಾಗ, ದಾಟದೆ ಮರಳೋರಿಗೆ ನಮ್ಮ ಫಾರಮ್ಮಿನಲ್ಲಿ ಜಾಗ ಇಲ್ಲವಲ್ಲ ಅಂದರು ಮೇಲಧಿಕಾರಿ. ಅಂಥವರು ಎಷ್ಟು ಜನರೋ, ಯಾರಿಗೆ ಗೊತ್ತು.

ಅಮ್ಮನ ವಿಷಯದಲ್ಲೂ ನನ್ನದೇ ತಪ್ಪು. ಆಗ ಅಡ್ಡ ಬಂದದ್ದು ಹೊಳೆಯಲ್ಲ, ಹೆದರಿಕೆ. ಅವಳನ್ನು ಆ ಸ್ಥಿತಿಯಲ್ಲಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ನೋಡುವ ಕೆಲಸವನ್ನೆಲ್ಲ ನಿನ್ನೊಬ್ಬಳ ಮೇಲೆ ಹೊರಿಸಿ ಬಸ್ಸಿನ ನೆಪ ಹೇಳಿದೆ. ಕ್ಷಮಿಸು ಎನ್ನಲು ಏಳು ವರ್ಷ ಬೇಕಾಯಿತು.

ಕಳೆದ ನಾಲ್ಕು ಬುಧವಾರ ಪುಸ್ತಕದಲ್ಲಿ ನೀನು ಇಲ್ಲ. ಯಾಕೆ ಬರಲಿಲ್ಲವೋ ನನಗೆ ತಿಳಿಯದು, ಮಂಡಿ ನೋವು ಹೆಚ್ಚಾಯಿತೇನೋ. ಬರುವ ಬುಧವಾರ ನಾನೇ ಬರುತ್ತೇನೆ, ತಿರುವಿನಲ್ಲಿ ನಿಲ್ಲದೆ ನಿನ್ನ ಬಾಗಿಲಿಗೆ. ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ತಂಗಿ,
ಮೊಂಡಿ

ತಾ.ಕ.: ಮಂಡಿ ನೋವು ಅಂತ ಬರೆದದ್ದು ಸುಳ್ಳು. ನೀನು ಕೊನೆಯ ಸಲ ಬಂದ ಬುಧವಾರ ನಾನೂ ಸೇತುವೆಯ ಮೇಲಿದ್ದೆ. ಒಂಟಿಯಾಗಿ ಹೊಳೆ ದಾಟುವ ಆ ಮಗುವಿನ ಫೋಟೋ ವರದಿಯ ಮುಖಪುಟಕ್ಕೆ ಬೇಕಿತ್ತು. ಮಗು ಎಲ್ಲೂ ಕಾಣಲಿಲ್ಲ, ನೀನು ನಿಂತಿದ್ದೆ. ನನ್ನನ್ನು ನೋಡಿ ನೀನು ಕೈ ಎತ್ತಿದ್ದು ಕಂಡಿತು. ಏನು ಮಾಡಬೇಕೋ ತೋಚದೆ ಫೋನನ್ನು ಕಿವಿಗಿಟ್ಟುಕೊಂಡು ಬೆನ್ನು ತಿರುಗಿಸಿ ನಡೆದುಬಿಟ್ಟೆ. ಫೋನಿನಲ್ಲಿ ಯಾರೂ ಇರಲಿಲ್ಲ, ಅಕ್ಕಾ.